ಪರದೆಯ ಮೇಲಣ ಕಡಲು

ವಿದ್ಯೆಯ ಸಾಧನಗಳು ಕಾಲಕಾಲಕ್ಕೆ ಮಾರ್ಪಡುತ್ತ ಬಂದಿವೆ. ಮರಳಿನ ಮೇಲೆ ಅಕ್ಷರ ತಿದ್ದಿದ ಕಾಲ ಕಳೆದು ಹಲಗೆ-ಬಳಪಗಳು ಬಂದವು. ಅವುಗಳ ಬಳಿಕ ಅಚ್ಚಿನ ಪುಸ್ತಕ, ಭೂಪಟ, ಬಾನುಲಿ, ದೂರದರ್ಶನಗಳು ಬಂದವು. ಈಗ ಅಂತರಜಾಲದ ನೆರವಿನಿಂದ ಗೋಡೆಯಗಲದ ಪರದೆಯ ಮೇಲೆ ದೇಶಾಂತರಗಳನ್ನು ತೋರಿಸುವ ಏರ್ಪಾಟು ಹಳ್ಳಿಯ ಶಾಲೆಗಳಿಗೂ ಕಾಲಿರಿಸಿದೆ. ತರಗತಿಯಲ್ಲಿ ಕುಳಿತಲ್ಲಿಂದಲೇ ವಸ್ತುಸಂಗ್ರಹಾಲಯವನ್ನು ಸುತ್ತುವ, ಹಳೆಯ ಹಡಗಿನೊಳಗೆ ಇಣುಕುವ, ಕಡಲತಳವನ್ನು ಕಾಣುವ ಈ ಕ್ರಮವನ್ನು ‘ವರ್ಚುವಲ್ ಫೀಲ್ಡ್ ಟ್ರಿಪ್’ ಎಂದು ಕರೆಯುತ್ತಾರೆ. ‘ವರ್ಚುವಲ್’ ಎಂಬುದಕ್ಕೆ ‘ಮಿಥ್ಯಾ’ ಎಂಬ ಪದವನ್ನು ಬಳಸುವುದುಂಟು. ಪರದೆಯ ಮೇಲೆ ಕಂಡದ್ದು ಮಿಥ್ಯೆಯಲ್ಲ. ದೂರದಿಂದ ಕಂಡದ್ದು, ಅಷ್ಟೆ. ಆದುದರಿಂದ ನಾನು ಇದನ್ನು ‘ಪರದೆಯ ಪ್ರವಾಸ’ವೆಂದೇ ಕರೆಯುತ್ತೇನೆ.

ಕಡಲನ್ನು ಕಾಣದ ಒಳನಾಡಿನ ಮಕ್ಕಳಿಗೆ ಕಡಲನ್ನೂ ನೌಕಾಚರಿತ್ರೆಯನ್ನೂ ಪರದೆಯ ಮೇಲೆ ತೋರಿಸುವುದು ಉಚಿತವೆ? ಹಾಗೆ ತೋರಿಸಿದ ಮೇಲೆ ನಿಜವಾದ ಪ್ರವಾಸವನ್ನು ಕೈಬಿಡಬಹುದೆ? ಈ ಎರಡು ಪ್ರಶ್ನೆಗಳನ್ನು ಇಂದು ಎಷ್ಟೋ ಶಾಲೆಗಳು ಎದುರಿಸುತ್ತಿವೆ. ಮೊದಲನೆಯದಕ್ಕೆ ನನ್ನ ಉತ್ತರ ‘ಅಹುದು’ ಎಂದು. ಎರಡನೆಯದಕ್ಕೆ ‘ಸಲ್ಲದು’ ಎಂದು. ಈ ಎರಡು ಉತ್ತರಗಳಿಗೂ ಕಾರಣಗಳನ್ನು ಇಲ್ಲಿ ನಿವೇದಿಸುತ್ತೇನೆ.

ಕನ್ನಡ ಪಂಡಿತನಿಗೂ ಕಡಲಿಗೂ ಏನು ಸಂಬಂಧವೆಂದು ಕೇಳುವವರಿರಬಹುದು. ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳಿರಬೇಕೆಂದು ಆಲಂಕಾರಿಕರು ವಿಧಿಸಿದ್ದಾರೆ. ದಂಡಿಯು ‘ಕಾವ್ಯಾದರ್ಶ’ದಲ್ಲಿ ಆ ವರ್ಣನೆಗಳನ್ನು ಎಣಿಸುವಾಗ ನಗರದ ಬೆನ್ನಿಗೇ ಸಮುದ್ರವನ್ನು ಹೇಳುತ್ತಾನೆ. ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಸಮುದ್ರವರ್ಣನೆಗೆ ಕೊರತೆಯಿಲ್ಲ. ಅವುಗಳನ್ನು ಪಾಠ ಹೇಳುವಾಗ ಶರಧಿ, ಅಂಬುಧಿ, ವಾರಿಧಿ, ಜಲಧಿ, ರತ್ನಾಕರ ಎಂಬ ಪರ್ಯಾಯಪದಗಳನ್ನು ಮಕ್ಕಳು ಅನಾಯಾಸವಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಊರ ಕೆರೆಗಿಂತ ಹಿರಿದಾದ ನೀರನ್ನು ಕಾಣದ ಬಾಲಕನಿಗೆ ಈ ಐದೂ ಬರಿಯ ಶಬ್ದಗಳು. ಪದವಿದೆ, ಪದಾರ್ಥವಿಲ್ಲ. ಆ ಪದಾರ್ಥದ ಛಾಯೆಯನ್ನಾದರೂ ಪರದೆಯು ಒದಗಿಸುವುದಾದರೆ ಅದನ್ನು ಹಳಿಯುವುದು ವಿವೇಕವಲ್ಲ.

ಈ ಬಗೆಯ ಪ್ರವಾಸದ ಮೂಲದಲ್ಲಿಯೇ ಮಕ್ಕಳ ಕುತೂಹಲವಿದೆ. 1912ರಲ್ಲಿ ಮುಳುಗಿದ ‘ಟೈಟಾನಿಕ್’ ಹಡಗಿನ ಅವಶೇಷಗಳನ್ನು ಫ್ರೆಂಚರೂ ಅಮೆರಿಕನ್ನರೂ ಕೂಡಿದ ತಂಡವೊಂದು 1985ರಲ್ಲಿ ಪತ್ತೆಹಚ್ಚಿತು. ಆ ತಂಡದ ಮುಂದಾಳುಗಳಲ್ಲಿ ಒಬ್ಬನಾದ ರಾಬರ್ಟ್ ಬ್ಯಾಲರ್ಡನಿಗೆ, ಮುಂದಿನ ಯಾತ್ರೆಗೆ ತಮ್ಮನ್ನೂ ಕರೆದೊಯ್ಯಬೇಕೆಂದು ಸಾವಿರಾರು ಶಾಲಾಬಾಲಕರು ಕಾಗದ ಬರೆದರು. ಅಷ್ಟು ಮಕ್ಕಳನ್ನು ಹಡಗಿನಲ್ಲಿ ಕೂರಿಸುವುದೆಂತು? ಹಡಗು ಕಂಡುದನ್ನೇ ಮಕ್ಕಳಿದ್ದೆಡೆಗೆ ತಲುಪಿಸಲು 1989ರಲ್ಲಿ ‘ಜೇಸನ್’ ಎಂಬ ಯೋಜನೆ ಆರಂಭವಾಯಿತು. ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಯಂತ್ರವು ಕಂಡ ದೃಶ್ಯಗಳನ್ನು ಉತ್ತರ ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ನೆರೆದ ವಿದ್ಯಾರ್ಥಿಗಳು ಉಪಗ್ರಹದ ಮೂಲಕ ಆಗಿಂದಾಗಲೇ ನೋಡಿದರು. ಅಂದು ಅತಿ ದುಬಾರಿಯಾಗಿದ್ದ ಆ ಸೌಲಭ್ಯ ಇಂದು ಸಾಮಾನ್ಯ ಶಾಲೆಗೂ ಎಟುಕುವಂತಾಗಿದೆ.

ಆದರೆ ನೋಟವೊಂದೇ ಪಾಠವಲ್ಲ. ಸ್ವೀಡನ್ ದೇಶದ ‘ವಾಸಾ’ ಎಂಬ ಯುದ್ಧನೌಕೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ. 64 ಫಿರಂಗಿಗಳನ್ನು ಹೊತ್ತ ಈ ಹಡಗು 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಿಂದ ತನ್ನ ಮೊದಲ ಯಾನಕ್ಕೆ ಹೊರಟಿತು. ಮೇಲ್ಭಾಗದ ಭಾರ ಹೆಚ್ಚಾಗಿದ್ದುದರಿಂದ ಸುಮಾರು 1,300 ಮೀಟರು ಸಾಗುವಷ್ಟರಲ್ಲಿ ಗಾಳಿಗೆ ವಾಲಿ, ತೆರೆದಿದ್ದ ಫಿರಂಗಿಗಂಡಿಗಳಿಂದ ನೀರು ನುಗ್ಗಿ ಮುಳುಗಿಹೋಯಿತು. 333 ವರ್ಷಗಳ ಬಳಿಕ, 1961ರಲ್ಲಿ, ಅದನ್ನು ಬಹುಮಟ್ಟಿಗೆ ಇಡಿಯಾಗಿ ಮೇಲೆತ್ತಿದರು. ಪರದೆಯ ಮೇಲೆ ಅದನ್ನು ಕಂಡ ಮಕ್ಕಳು ಬೆರಗಾಗುತ್ತಾರೆ, ಗಂಟೆ ಬಾರಿಸುತ್ತದೆ, ಬೆರಗು ಅಲ್ಲಿಗೇ ಮುಗಿಯುತ್ತದೆ. ಗುರುವಾದವನು ಆಗ ಒಂದು ಪ್ರಶ್ನೆ ಹಾಕಬೇಕು: ಮೂರು ಶತಮಾನ ನೀರಿನಲ್ಲಿದ್ದ ಮರ ಹಾಳಾಗದೆ ಉಳಿದುದು ಹೇಗೆ? ಬಾಲ್ಟಿಕ್ ಸಮುದ್ರದಲ್ಲಿ ಉಪ್ಪಿನಂಶ ತೀರ ಕಡಿಮೆ. ಮರವನ್ನು ಕೊರೆದು ತಿನ್ನುವ ಹಡಗುಹುಳು ಅಂಥ ನೀರಿನಲ್ಲಿ ಬಾಳಲಾರದು. ನಮ್ಮ ಅರಬ್ಬೀ ಸಮುದ್ರವಾದರೋ ಉಪ್ಪಾದುದು, ಬೆಚ್ಚನೆಯದು. ಆ ಹುಳುವಿಗೆ ಹೇಳಿಮಾಡಿಸಿದ ತಾಣ. ನಮ್ಮ ಪ್ರಾಚೀನ ಹಡಗುಗಳು ಹಾಗೆ ಉಳಿದುಬರುವುದು ದುರ್ಲಭ. ಆದುದರಿಂದ ಕನ್ನಡಿಗರ ನೌಕಾಚರಿತ್ರೆಯನ್ನು ಮರದಲ್ಲಿ ಹುಡುಕುವುದಕ್ಕಿಂತ ಕಲ್ಲಿನಲ್ಲಿ, ಕಾಗದದಲ್ಲಿ, ಮಾತಿನಲ್ಲಿ ಹುಡುಕಬೇಕು.

ಹಾಗೆ ಹುಡುಕಿದರೆ ಕಡಲು ಒಳನಾಡಿನಲ್ಲಿಯೇ ದೊರೆಯುತ್ತದೆ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯು ಬರೆದ 634ರ ಶಾಸನವನ್ನು ನಾವು ಸಾಮಾನ್ಯವಾಗಿ ಪುಲಕೇಶಿ-ಹರ್ಷರ ಯುದ್ಧದ ಪ್ರಸಂಗಕ್ಕಾಗಿ ಓದಿಸುತ್ತೇವೆ. ಪಡುಗಡಲಿನ ಪುರಿಯೆಂಬ ನಗರವನ್ನು ಪುಲಕೇಶಿಯು ನೂರಾರು ನಾವೆಗಳಿಂದ ಮುತ್ತಿದ ಸಂಗತಿಯೂ ಅದೇ ಶಾಸನದಲ್ಲಿದೆ. ಐಹೊಳೆಯ ಹೆಸರನ್ನೇ ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕಸಂಘದ ತಮಿಳು ಶಾಸನವೊಂದು ದೂರದ ಸುಮಾತ್ರಾ ದ್ವೀಪದ ಬರೂಸ್ ಎಂಬಲ್ಲಿ ದೊರೆತಿದೆ. ಅದರ ಕಾಲ 1088. ಮಲಪ್ರಭೆಯ ದಡದ ಊರೊಂದರ ಹೆಸರು ಹಿಂದೂ ಮಹಾಸಾಗರದ ಆಚೆಯ ಕಲ್ಲಿನಲ್ಲಿ ನಿಂತಿದೆಯೆಂದು ಕೇಳಿದ ಬಾಲಕನಿಗೆ ಕಡಲು ಪರರದೆಂದು ತೋರೀತೆ?

ವಿಜಯನಗರದ ಅರಸರು ಬಯಸಿದ ಅರಬ್ಬೀ ಕುದುರೆಗಳು ಭಟ್ಕಳವೇ ಮೊದಲಾದ ಬಂದರುಗಳಲ್ಲಿಳಿದು ಘಟ್ಟ ಹತ್ತಿ ಬಂದವು. ಹಂಪೆಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಆ ಕುದುರೆಗಳನ್ನೂ ವಿದೇಶೀಯರನ್ನೂ ಇಂದಿಗೂ ಕಾಣಬಹುದು. ವೀರಶೈವ ಮತಾವಲಂಬಿಗಳಾದ ಕೆಳದಿಯ ಅರಸರ ಚರಿತ್ರೆಯೂ ಕಡಲನ್ನು ಬಿಟ್ಟು ಅರ್ಥವಾಗುವುದಿಲ್ಲ. ಕರಾವಳಿಯ ಅಕ್ಕಿ, ಮಲೆನಾಡಿನ ಮೆಣಸು ಹಡಗೇರುತ್ತಿದ್ದ ಹೊನ್ನಾವರ, ಬಸರೂರು, ಮಂಗಳೂರುಗಳ ಕೋಟೆಗಳಿಂದ ಪೋರ್ಚುಗೀಸರನ್ನು ಶಿವಪ್ಪನಾಯಕನು 1650ರ ದಶಕದಲ್ಲಿ ಹೊರಡಿಸಿದನು. ಶಿವಾಜಿಯು 1665ರಲ್ಲಿ ಹಡಗುಪಡೆಯೊಡನೆ ಬಂದು ಸೂರೆಗೈದುದು ಅದೇ ಬಸರೂರನ್ನು. ಶಿಸ್ತಿನ ಶಿವಪ್ಪನಾಯಕನೆಂದು ಕಂದಾಯದ ಮಾತನ್ನು ಮಾತ್ರ ಹೇಳಿ ಮುಗಿಸುವ ನಮ್ಮ ಪಾಠ ಅಪೂರ್ಣವಲ್ಲವೆ?

ಇಲ್ಲಿ ಪರದೆಯ ನಿಜವಾದ ಉಪಕಾರ ತಿಳಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನ ಕಾಗದಪತ್ರಗಳು ಕೈರೋ ನಗರದ ಹಳೆಯ ಪ್ರಾರ್ಥನಾಮಂದಿರವೊಂದರ ಉಗ್ರಾಣದಲ್ಲಿ ಉಳಿದುಬಂದವು. ಆ ಉಗ್ರಾಣದ ಸಂಗ್ರಹದ ಬಹುಭಾಗ ಇಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದು, ಅದರ ಚಿತ್ರಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಕೈರೋಗಾಗಲಿ ಕೇಂಬ್ರಿಜ್‌ಗಾಗಲಿ ನಮ್ಮ ಶಾಲೆಯ ಮಕ್ಕಳನ್ನು ಕರೆದೊಯ್ಯಲಾಗದು. ಹೋಗಲಾಗದ ಕಡೆಗೆ ಕಣ್ಣನ್ನು ಕಳುಹಿಸುವುದೇ ಪರದೆಯ ಪ್ರವಾಸದ ಧರ್ಮ.

ಪರದೆಯು ತೋರಿಸಬಲ್ಲದು, ತರ್ಕಿಸಲಾರದು ಎಂಬುದನ್ನೂ ಮರೆಯಬಾರದು. ಕನ್ನಡಿಗರಾದ ಡಾ. ಎಸ್. ಆರ್. ರಾವ್ ಅವರು 1950ರ ದಶಕದಲ್ಲಿ ಗುಜರಾತಿನ ಲೋಥಲ್‌ನಲ್ಲಿ ಅಗೆತ ಕೈಗೊಂಡು, ಸುಮಾರು 215 ಮೀಟರು ಉದ್ದದ ಇಟ್ಟಿಗೆಯ ಕೊಳವೊಂದನ್ನು ಬೆಳಕಿಗೆ ತಂದರು. ಅದು ಸಿಂಧೂ ನಾಗರಿಕತೆಯ ಕಾಲದ ಹಡಗುಕಟ್ಟೆಯೆಂಬುದು ಅವರ ನಿರ್ಣಯ. ಅದನ್ನು ಒಪ್ಪದೆ, ನೀರಿನ ಸಂಗ್ರಹಕ್ಕಾಗಿ ಕಟ್ಟಿದ ಕೊಳವೆನ್ನುವ ವಿದ್ವಾಂಸರೂ ಇದ್ದಾರೆ. ಪರದೆಯ ಮೇಲೆ ಬಣ್ಣಬಣ್ಣದ ಹಡಗುಗಳು ಆ ಕೊಳದೊಳಗೆ ತೇಲಿಬಂದಾಗ ವಾದ ಮುಗಿದೇಹೋಯಿತೆಂದು ಮಕ್ಕಳು ಭಾವಿಸುತ್ತಾರೆ. ಪೂರ್ವಪಕ್ಷ-ಸಿದ್ಧಾಂತಗಳೆರಡನ್ನೂ ಮುಂದಿಡುವುದು ಉಪಾಧ್ಯಾಯನ ಹೊಣೆ.

ಇನ್ನು ಮಾತಿನ ವಿಚಾರ. ಅಂತರಜಾಲದಲ್ಲಿ ದೊರೆಯುವ ಕಡಲ ಪಾಠಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಅವುಗಳನ್ನು ಹಾಗೆಯೇ ಹಾಕಿ ಸುಮ್ಮನಾದರೆ ಉಬ್ಬರ, ಇಳಿತ, ಅಳಿವೆ, ಹಾಯಿ, ಚುಕ್ಕಾಣಿ, ಲಂಗರು, ದಕ್ಕೆ, ರಂಪಣಿ ಎಂಬ ಜೀವಂತ ಪದಗಳು ನಮ್ಮ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಪದಗಳಲ್ಲಿಯೂ ಚರಿತ್ರೆಯಿದೆ. ‘ಬಂದರು’, ‘ಲಂಗರು’ ಎಂಬವು ಪಾರಸಿಯಿಂದ ಬಂದವು; ‘ಚಾವಿ’, ‘ಪಾದ್ರಿ’ಗಳು ಪೋರ್ಚುಗೀಸಿನಿಂದ ಬಂದವು. ಹೆಚ್ಚೇನು, ಬ್ಯಾಡಗಿಯ ಪೇಟೆಯನ್ನು ಕೆಂಪಾಗಿಸುವ ಮೆಣಸಿನಕಾಯಿಯೂ ಮೂಲತಃ ಅಮೆರಿಕ ಖಂಡದ ಬೆಳೆ; ಪೋರ್ಚುಗೀಸರ ಹಡಗೇರಿ ನಮ್ಮ ನಾಡಿಗೆ ಬಂದದ್ದು. ನಮ್ಮ ಮೆಣಸು ಕಡಲು ದಾಟಿ ಹೋಯಿತು, ಅದರ ಹೆಸರನ್ನೇ ಪಡೆದ ಮೆಣಸಿನಕಾಯಿ ಕಡಲು ದಾಟಿ ಬಂದಿತು. ಊಟದ ತಟ್ಟೆಯಲ್ಲಿರುವ ಈ ನೌಕಾಚರಿತ್ರೆಯನ್ನು ಹೇಳಲು ಪರದೆಯೂ ಬೇಕಿಲ್ಲ. ಹೇಳುವ ಗುರು ಬೇಕು.

ಎರಡನೆಯ ಪ್ರಶ್ನೆಗೆ ಬರೋಣ. ಪರದೆ ಬಂದ ಮೇಲೆ ಪ್ರವಾಸದ ವೆಚ್ಚವೇಕೆ, ಅಪಾಯವೇಕೆ ಎಂಬ ಮಾತು ಕೇಳಿಬರುತ್ತಿದೆ. ಈ ಅಂಜಿಕೆ ನಿರಾಧಾರವಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಅಸುನೀಗಿದರು. ಆ ತಾಯ್ತಂದೆಗಳ ದುಃಖದ ಮುಂದೆ ಯಾವ ವಾದವೂ ನಿಲ್ಲದು. ಆದರೆ ಆ ದುರಂತದಿಂದ ನಾವು ಕಲಿಯಬೇಕಾದ ಪಾಠ, ಕಡಲನ್ನು ತೋರಿಸಬಾರದು ಎಂಬುದಲ್ಲ. ಕಡಲನ್ನು ತಿಳಿಸದೆ ಕರೆದೊಯ್ಯಬಾರದು ಎಂಬುದು. ದಡಕ್ಕೆ ಬಂದ ನೀರು ಕಿರಿದಾದ ಹರಿವಾಗಿ ಕಡಲಿಗೆ ಮರಳುವಾಗ ಬಲವಾದ ಸೆಳೆತವುಂಟಾಗುತ್ತದೆ. ಎರಡು ಕಡೆ ಅಲೆಗಳು ಒಡೆಯುತ್ತಿರುವಾಗ ನಡುವೆ ಶಾಂತವಾಗಿ ಕಾಣುವ ನೀರಿನ ಪಟ್ಟಿಯೇ ಎಷ್ಟೋ ವೇಳೆ ಆ ಸೆಳೆತದ ದಾರಿ. ಕಡಲನ್ನರಿಯದವನು ಶಾಂತವೆಂದು ನಂಬಿ ಅಲ್ಲಿಯೇ ಇಳಿಯುತ್ತಾನೆ. ಸಿಕ್ಕಿಕೊಂಡವನು ಸೆಳೆತಕ್ಕೆ ಎದುರಾಗಿ ಈಜಿ ದಣಿಯದೆ, ದಡಕ್ಕೆ ಸಮಾಂತರವಾಗಿ ಸರಿದು ಹೊರಬರಬೇಕು. ಎತ್ತರದಿಂದ ತೆಗೆದ ಚಲಚ್ಚಿತ್ರದಲ್ಲಿ ಇದನ್ನು ಹತ್ತೇ ನಿಮಿಷಗಳಲ್ಲಿ ಮನಗಾಣಿಸಬಹುದು. ಪರದೆಯ ಪ್ರವಾಸವು ನಿಜವಾದ ಪ್ರವಾಸಕ್ಕೆ ಪೂರ್ವಪೀಠಿಕೆಯಾಗಬೇಕಲ್ಲದೆ ಪ್ರತಿನಿಧಿಯಾಗಬಾರದು. ಉಪ್ಪುಗಾಳಿಯನ್ನೂ ಒದ್ದೆಮರಳನ್ನೂ ಅಲೆಯ ಮೊರೆತವನ್ನೂ ಯಾವ ಪರದೆಯೂ ಕೊಡಲಾರದು. ಉಳ್ಳವರ ಮಕ್ಕಳು ತಾಯ್ತಂದೆಗಳೊಡನೆ ಎಂದಾದರೂ ಕಡಲನ್ನು ನೋಡಿಯಾರು. ಪ್ರಸಾದನಿಲಯದಲ್ಲಿದ್ದು ಓದುವ ಬಡ ರೈತನ ಮಗನಿಗೆ ಶಾಲೆಯ ಪ್ರವಾಸವನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಪ್ರವಾಸವನ್ನು ನಿಲ್ಲಿಸಿದರೆ ನಷ್ಟ ಅವನೊಬ್ಬನದೇ.

ಆದುದರಿಂದ ಈ ಸಂಚಿಕೆಯನ್ನು ಓದುವ ಮಹನೀಯರಲ್ಲಿ ಮೂರು ವಿನಂತಿಗಳು. ಉಪಾಧ್ಯಾಯಬಂಧುಗಳು ಪರದೆಯ ಪಾಠಕ್ಕೆ ಮುನ್ನ ಪ್ರಶ್ನೆಗಳನ್ನೂ ಕನ್ನಡದ ಪದಗಳನ್ನೂ ಸಿದ್ಧಪಡಿಸಿಕೊಳ್ಳಲಿ; ಚರಿತ್ರೆ, ವಿಜ್ಞಾನ, ಭಾಷೆಗಳನ್ನು ಬೋಧಿಸುವವರು ಒಟ್ಟಾಗಿ ನಿಂತು ಆ ಒಂದು ಗಂಟೆಯನ್ನು ನಡೆಸಲಿ. ಹಡಗುಗಳಲ್ಲಿ, ಬಂದರುಗಳಲ್ಲಿ, ನೌಕಾಪಡೆಯಲ್ಲಿ, ಕರಾವಳಿಯ ಊರುಗಳಲ್ಲಿ ಕೆಲಸಮಾಡುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಅರ್ಧ ಗಂಟೆ ಅದೇ ಪರದೆಯಲ್ಲಿ ಕಾಣಿಸಿಕೊಂಡು, ತಾವಿರುವ ತಾಣವನ್ನು ತೋರಿಸುತ್ತ ತಮ್ಮ ಶಾಲೆಯ ಮಕ್ಕಳೊಡನೆ ಕನ್ನಡದಲ್ಲಿ ಮಾತನಾಡಲಿ. ಹಣವಿಟ್ಟು ಕೊಳ್ಳುವ ಚಿತ್ರಕ್ಕಿಂತ ಅದು ಹೆಚ್ಚು ನಾಟುತ್ತದೆ. ದಾನಿಗಳು ಪರದೆಯನ್ನು ಕೊಡಿಸುವಾಗ ಅದರ ಜೊತೆಗೇ ಕಡಲ ಪ್ರವಾಸಕ್ಕೊಂದು ನಿಧಿಯನ್ನೂ ಇರಿಸಲಿ. ಆ ನಿಧಿಯಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಶಾಲೆ ಬಿಡುವುದರೊಳಗಾಗಿ ಒಂದು ಸಲವಾದರೂ 1901ರ ಕಾಪು ದೀಪಸ್ತಂಭವನ್ನೋ, ಬಸರೂರಿನ ಹಳೆಯ ಬೀದಿಗಳನ್ನೋ, ಕಾರವಾರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಚಪಲ್’ ಯುದ್ಧನೌಕೆಯನ್ನೋ ನೋಡುವಂತಾಗಲಿ. ನೀರಿಗಿಳಿಯದೆಯೇ ನೋಡಿ ಕಲಿಯುವುದು ಅಲ್ಲಿ ಬೇಕಾದಷ್ಟಿದೆ.

ಪರದೆಗೆ ಹಾಕಿಸಿದ ದಾನಿಯ ಹೆಸರಿನ ಫಲಕವನ್ನು ಮಕ್ಕಳು ನಾಲ್ಕು ದಿನ ಓದುತ್ತಾರೆ. ತಮ್ಮನ್ನು ಮೊದಲ ಸಲ ಕಡಲ ದಡಕ್ಕೆ ಕರೆದೊಯ್ದು ನಿಲ್ಲಿಸಿದವರನ್ನು ಬಾಳಿನುದ್ದಕ್ಕೂ ನೆನೆಯುತ್ತಾರೆ.