ಸೆಲ್ ಸತ್ತರೆ ಯಂತ್ರಕ್ಕೇಕೆ ಶವಸಂಸ್ಕಾರ?

“ಹಳೇ ಮಾಲು ಸ್ವಾಮಿ, ಭಂಗಾರಿಗೆ ಹಾಕಿ.” ಈ ಉಪದೇಶವನ್ನು ಕೇಳದ ಮುಂಬಯಿ ಕನ್ನಡಿಗರ ಮನೆ ಇದ್ದೀತೇ? ರೇಡಿಯೋಗೆ ಕೇಳಿದ್ದೇವೆ, ಮಿಕ್ಸರಿಗೆ ಕೇಳಿದ್ದೇವೆ, ಹೊಲಿಗೆ ಯಂತ್ರಕ್ಕೂ ಕೇಳಿದ್ದೇವೆ. ಈ ಸಲ ನಾವು ಜಗಳಕ್ಕೆ ಎತ್ತಿಕೊಂಡಿರುವ ವಸ್ತು ಅಂಗೈಯಲ್ಲಿ ಅಡಗುವಂಥದು: ಗ್ರಾಫ್ ಬಿಡಿಸಬಲ್ಲ ಹಳೆಯ ಕ್ಯಾಲ್ಕುಲೇಟರಿನ ಮೆಮರಿ ಕಾರ್ಡು. ಇಷ್ಟು ಸಣ್ಣ ವಿಷಯಕ್ಕೆ ಪತ್ರಿಕೆಯ ಪುಟ ವ್ಯರ್ಥವೇಕೆಂದು ಮೂಗು ಮುರಿಯುವವರು ಸ್ವಲ್ಪ ತಾಳಬೇಕು.

ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ 48ಎಸ್‌ಎಕ್ಸ್ ಎಂಬ ಕ್ಯಾಲ್ಕುಲೇಟರು 1990ರಲ್ಲಿ ಬಂತು. ಅಮೆರಿಕದ ಆರೆಗಾನ್ ರಾಜ್ಯದ ಕೊರ್ವಾಲಿಸ್ ಊರಿನಲ್ಲಿದ್ದ ಆ ಕಂಪನಿಯ ವಿಭಾಗ ರೂಪಿಸಿದ ಯಂತ್ರವದು. ಬೆಲೆ 350 ಡಾಲರ್. 1993ರಲ್ಲಿ ಅದರ ತಮ್ಮ 48ಜಿಎಕ್ಸ್ ಹುಟ್ಟಿತು, 2003ರವರೆಗೆ ಬಾಳಿತು. ಎರಡಕ್ಕೂ ತಲೆಯ ಕಡೆ ಎರಡೆರಡು ಕಿಂಡಿಗಳು. ಅವುಗಳಲ್ಲಿ 32 ಅಥವಾ 128 ಕಿಲೋಬೈಟಿನ ಕಾರ್ಡನ್ನು ಕೂರಿಸಬಹುದು. ಇಂದಿನ ಮಕ್ಕಳು ಈ ಅಂಕಿಗಳನ್ನು ಕೇಳಿ ನಗುತ್ತಾರೆ, ನಗಲಿ. ಅಮೆರಿಕದ ಭೂಮಾಪಕರು ಇಂಥ ಕಾರ್ಡು ಹಾಕಿಕೊಂಡೇ ಬಿಸಿಲಲ್ಲಿ ನಿಂತು ಎಲ್ಲೆಕಲ್ಲು ಗುರುತಿಸಿದರು. ಕೊಲ್ಲಿ ದೇಶಕ್ಕೆ ದುಡಿಯಲು ಹೋಗಿದ್ದ ನಮ್ಮ ಸಿವಿಲ್ ಇಂಜಿನಿಯರರಲ್ಲಿ ಕೆಲವರು ಈ ಯಂತ್ರವನ್ನು ಕೊಂಡು ತಂದರು. ಅಂಥವರೊಬ್ಬರಿಂದಲೇ ನಮ್ಮ ಈ ತಕರಾರು ಹುಟ್ಟಿದ್ದು.

ಈ ಹಿರಿಯರು ಲೆವೆಲಿಂಗ್, ಕಾಲುವೆಯ ಹರಿವು, ತಿರುವುಗಳ ಲೆಕ್ಕ ಎಂದು ಆರು ವರ್ಷಗಳ ಕಾಲ ತಾವೇ ಬರೆದ ಪ್ರೋಗ್ರಾಮುಗಳನ್ನೆಲ್ಲ ಒಂದು ಕಾರ್ಡಿನಲ್ಲಿ ಇಟ್ಟಿದ್ದರು. ಬ್ಯಾಟರಿ ಇಳಿದಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಕಂಡಿತು. ಪಾಪ, ಒಂದು ಅಂಗಡಿಗೆ ಒಯ್ದರು. ಅಂಗಡಿಯ ಹುಡುಗ ಕಾರ್ಡನ್ನು ಸರಕ್ಕನೆ ಎಳೆದು, ಮೇಜಿನ ಮೇಲಿಟ್ಟು, ಹಳೆಯ ಸೆಲ್ ತೆಗೆದು ಹೊಸದನ್ನು ಹಾಕಿ ಮರಳಿ ಸಿಕ್ಕಿಸಿದ. ಪರದೆಯ ಮೇಲೆ ಬಂದದ್ದು “ಇನ್‌ವ್ಯಾಲಿಡ್ ಕಾರ್ಡ್ ಡೇಟಾ”. ಹುಡುಗ ತೀರ್ಪು ಕೊಟ್ಟ: “ಕಾರ್ಡ್ ಹೋಗಿದೆ, ಮೆಷಿನ್ನೂ ಹಳೇದು, ಬಿಸಾಡಿ.”

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ! ಕಾರ್ಡು ಹೋಗಿರಲಿಲ್ಲ. ಹೋದದ್ದು ಅದರೊಳಗಿನ ಬರಹ, ಕಳೆದದ್ದು ಆ ಹುಡುಗನ ಕೈ. ಈ ಕಾರ್ಡಿನ ಚಿಪ್ಪು ವಿದ್ಯುತ್ ಇರುವಷ್ಟು ಹೊತ್ತು ಮಾತ್ರ ನೆನಪಿಟ್ಟುಕೊಳ್ಳುವ ಜಾತಿಯದು. ಯಂತ್ರದಿಂದ ಹೊರಗಿದ್ದಾಗ ಅದನ್ನು ಕಾಯುವುದು ಸಿಆರ್ 2016 ಎಂಬ ಒಂದು ಬಿಲ್ಲೆ ಸೆಲ್: 20 ಮಿಲಿಮೀಟರ್ ಅಗಲ, 1.6 ಮಿಲಿಮೀಟರ್ ದಪ್ಪ, ಹೆಸರಿನಲ್ಲೇ ಅಳತೆ. ಹೊಸದರಲ್ಲಿ 3 ವೋಲ್ಟಿಗಿಂತ ತುಸು ಹೆಚ್ಚು ತೋರುತ್ತದೆ. ಈ ಬಗೆಯ ಚಿಪ್ಪುಗಳಿಗೆ ನೆನಪು ಉಳಿಸಿಕೊಳ್ಳಲು ಸಾಮಾನ್ಯವಾಗಿ 2 ವೋಲ್ಟಾದರೂ ಬೇಕು. ಹೊರಗೆ ಇಟ್ಟು ಸೆಲ್ ಕಿತ್ತರೆ ಇನ್ನೇನಾದೀತು?

ಇದಕ್ಕೆ ಮಂತ್ರವೇನೂ ಬೇಡ, ಕ್ರಮ ಬೇಕು. ಕಾರ್ಡನ್ನು ಹಾಕುವಾಗ, ತೆಗೆಯುವಾಗ ಕ್ಯಾಲ್ಕುಲೇಟರು ಆರಿರಬೇಕು. ಕಾರ್ಡಿನ ಸೆಲ್ ಬದಲಿಸುವಾಗ ಮಾತ್ರ ತದ್ವಿರುದ್ಧ: ಕಾರ್ಡು ಕಿಂಡಿಯಲ್ಲೇ ಇದ್ದು ಕ್ಯಾಲ್ಕುಲೇಟರು ಚಾಲೂ ಇರಬೇಕು. ಆಗ ಯಂತ್ರದ ಮೂರು ಪೆನ್ಸಿಲ್ ಸೆಲ್ಲುಗಳೇ ಕಾರ್ಡಿನ ನೆನಪನ್ನು ಎತ್ತಿ ಹಿಡಿಯುತ್ತವೆ. (ಹತ್ತು ನಿಮಿಷ ಗುಂಡಿ ಒತ್ತದಿದ್ದರೆ ಯಂತ್ರ ತಾನಾಗಿ ಆರಿಹೋಗುತ್ತದೆ; ನಡುವೆ ಚಹಾಕ್ಕೆ ಎದ್ದು ಹೋಗಬಾರದು.) ಇನ್ನೊಂದು ಸೂಕ್ಷ್ಮವಿದೆ. ಕಾರ್ಡಿನ ಜಾಗವನ್ನು ಯಂತ್ರದ ಸ್ವಂತ ಮೆಮರಿಯೊಡನೆ ಕೂಡಿಸಿ ಬಳಸಬಹುದು, ನಮ್ಮ ಕೂಡುಕುಟುಂಬದ ಹಾಗೆ. ಹಾಗೆ ಕೂಡಿಸಿದ ಕಾರ್ಡನ್ನು ಮೊದಲು ಆಜ್ಞೆ ಕೊಟ್ಟು ಬೇರೆ ಮಾಡಬೇಕು. ಪಾಲು ಪಟ್ಟಿ ಆಗದೆಯೇ ತಮ್ಮನೊಬ್ಬ ಗಂಟು ಕಟ್ಟಿ ಹೊರಟರೆ ಆಗುವ ಅನಾಹುತವೇ ಇಲ್ಲೂ ಆಗುತ್ತದೆ. ಹೊರಟ ಕಾರ್ಡಿನದು ಮಾತ್ರವಲ್ಲ, ಮನೆಯಲ್ಲಿ ಉಳಿದ ಸೊತ್ತೂ ಹೋಗುತ್ತದೆ.

ಸೆಲ್ ಬದಲಿಸುವ ಕ್ರಮವನ್ನು ತಯಾರಿಸಿದವರೇ ಕೈಪಿಡಿಯಲ್ಲಿ ಅಚ್ಚು ಹಾಕಿಸಿದ್ದರು. ಅದನ್ನು ಓದದೆ “ಗೊತ್ತು” ಎನ್ನುವುದು ನಮ್ಮ ಮೊದಲನೆಯ ಆಕ್ಷೇಪ.

ಎರಡನೆಯದು “ಟೆಸ್ಟ್ ಮಾಡಿದ್ದು” ಎಂಬ ಚೀಟಿಯ ಮೇಲೆ. ಹಳೆಯ ಕಾರ್ಡು ಮಾರುವವರು ಈ ಚೀಟಿ ಅಂಟಿಸಿಬಿಡುತ್ತಾರೆ. ಏನು ಪರೀಕ್ಷೆ ಎಂದು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ. ಬಹಳವೆಂದರೆ ಕಾರ್ಡಿನ ತುಂಬ ಒಂದೇ ಅಂಕಿಯನ್ನು ಬರೆದು ಮತ್ತೆ ಓದಿರುತ್ತಾರೆ. ಇದು ಪರೀಕ್ಷೆಯೇ ಅಲ್ಲ. 128 ಕಿಲೋಬೈಟ್ ಎಂದರೆ 1,31,072 ಮನೆಗಳು. ಅವನ್ನು ಗುರುತಿಸಲು 17 ವಿಳಾಸದ ತಂತಿಗಳು. ಅದರಲ್ಲೊಂದು ಕಡಿದರೆ ಎರಡೆರಡು ಮನೆಗಳಿಗೆ ಒಂದೇ ವಿಳಾಸವಾಗಿ ಅರ್ಧ ಕಾರ್ಡು ಇದ್ದೂ ಇಲ್ಲದಂತೆ. ಚಾಳಿನಲ್ಲಿ ಎರಡು ಖೋಲಿಗಳಿಗೆ ಒಂದೇ ನಂಬರು ಬಿದ್ದಿದೆ ಎನ್ನಿ. ಎಲ್ಲ ಬಾಗಿಲಿಗೂ ಒಂದೇ ಕರಪತ್ರ ಹಂಚಿದ ಅಂಚೆಯವನಿಗೆ ತಪ್ಪು ತಿಳಿಯುವುದೆಂತು? ಒಬ್ಬೊಬ್ಬರಿಗೆ ಒಂದೊಂದು ಬೇರೆ ಕಾಗದ ಬಂದಾಗಲೇ ರಾಯರ ಮನಿಯಾರ್ಡರು ಶೆಟ್ಟರ ಮನೆಗೆ ಹೋದದ್ದು ಬಯಲಾಗುವುದು. ಆದ್ದರಿಂದ ಪ್ರತಿ ಜಾಗಕ್ಕೂ ಬೇರೆ ಬೇರೆ ಅಂಕಿ ಬರೆಯಬೇಕು, ಪೂರ್ತಿ ತುಂಬಿದ ಮೇಲೆ ಮೊದಲಿನಿಂದ ಓದಬೇಕು, ಅನಂತರ ಸೊನ್ನೆ ಇದ್ದಲ್ಲಿ ಒಂದು, ಒಂದು ಇದ್ದಲ್ಲಿ ಸೊನ್ನೆ ಮಾಡಿ ಮತ್ತೊಮ್ಮೆ. ಅಷ್ಟಕ್ಕೂ ಮುಗಿಯದು. ಬರೆದ ಕಾರ್ಡನ್ನು ಹೊರತೆಗೆದು ಒಂದು ರಾತ್ರಿ, ಸಾಧ್ಯವಾದರೆ ಒಂದು ವಾರ, ಬೇರೆ ಇಡಬೇಕು. ಯಂತ್ರದೊಳಗೆ ಕುಳಿತು ಎಲ್ಲವನ್ನೂ ಒಪ್ಪಿಸುವ ಕಾರ್ಡು ಹೊರಗೆ ಬಂದ ಮರುದಿನ ಮರೆತುಬಿಡುತ್ತದೆ; ಸೆಲ್ಲಿನ ಸಂಪರ್ಕ ಕಿಲುಬು ಹಿಡಿದಿದ್ದರೆ ಆಗುವುದು ಇದೇ.

ವಿಶೇಷ ಉಪಕರಣವಿಲ್ಲದವರೂ ಅಷ್ಟಿಷ್ಟು ಮಾಡಬಹುದು. ಕ್ಯಾಲ್ಕುಲೇಟರಿನಲ್ಲೇ ‘ಬೈಟ್ಸ್’ ಎಂಬ ಆಜ್ಞೆಯಿದೆ. ಅದು ಒಂದು ಪ್ರೋಗ್ರಾಮಿನ ಗಾತ್ರದ ಜೊತೆಗೆ ತಾಳೆ ನೋಡುವ ಸಂಖ್ಯೆಯೊಂದನ್ನು ಕೊಡುತ್ತದೆ. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ವಾರದ ಮೇಲೆ ಹೋಲಿಸಿದರಾಯಿತು. ಬರೆಯಲು ಒಪ್ಪದ ಕಾರ್ಡನ್ನು ಬಯ್ಯುವ ಮೊದಲು ಅದರ ಅಂಚಿನ ಪುಟ್ಟ ಸ್ವಿಚ್ಚನ್ನು ನೋಡಬೇಕು. ‘ಓದಲು ಮಾತ್ರ’ ಎಂಬ ಕಡೆಗೆ ಸರಿದಿರುತ್ತದೆ. ಇಷ್ಟಕ್ಕೇ ಕಾರ್ಡು ಎಸೆದವರೂ ಇದ್ದಾರು.

“ಈ ಕ್ಯಾಲ್ಕುಲೇಟರು ಈಗ ಮೊಬೈಲಿನಲ್ಲೇ ಸಿಗುತ್ತದಲ್ಲ” ಎನ್ನುವ ಬುದ್ಧಿವಂತರಿಗೂ ಒಂದು ಮಾತು. ನಿಜ, ಈ ಯಂತ್ರದ ಮೂಲ ಪ್ರೋಗ್ರಾಮನ್ನು ಬಳಸಲು ಕಂಪನಿ 2000ದಲ್ಲಿ ಅನುಮತಿ ಕೊಟ್ಟಿತು. ಕಂಪ್ಯೂಟರಿನ ಪರದೆಯ ಮೇಲೆ ತದ್ರೂಪು ಕ್ಯಾಲ್ಕುಲೇಟರು ಓಡುತ್ತದೆ. ಆದರೆ ಆ ತದ್ರೂಪಿನ ಹೊಟ್ಟೆಯಲ್ಲಿ ನಮ್ಮ ಹಿರಿಯರ ಕಾಲುವೆ ಲೆಕ್ಕ ಇರುತ್ತದೆಯೇ? ಅದು ಇದ್ದದ್ದು ಜಗತ್ತಿನಲ್ಲಿ ಒಂದೇ ಕಡೆ, ಆ ಕಾರ್ಡಿನಲ್ಲಿ. ಯಂತ್ರಕ್ಕೆ ನಾಲ್ಕು ಮೊಳೆಯ ಸೀರಿಯಲ್ ಕಿಂಡಿಯಿದೆ, ಸೆಕೆಂಡಿಗೆ 9600 ಬಿಟ್ ಸಾಗಿಸುತ್ತದೆ. ತಕ್ಕ ತಂತಿಯಿದ್ದರೆ ಇಡೀ ಕಾರ್ಡಿನ ಪ್ರತಿ ಕೆಲವೇ ನಿಮಿಷಗಳಲ್ಲಿ ಕಂಪ್ಯೂಟರಿಗೆ ಇಳಿಯುತ್ತದೆ. ದುರಸ್ತಿಯವನ ಮೊದಲ ಕೆಲಸ ಅದಾಗಬೇಕಿತ್ತು, ಸೆಲ್ಲಿನ ಮಾತು ಆಮೇಲೆ.

ನಮ್ಮ ಸಿಟ್ಟು ಆ ಹುಡುಗನೊಬ್ಬನ ಮೇಲಲ್ಲ. ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚ್ಚಿ ಸ್ಟ್ರೀಟ್, ದಿಲ್ಲಿಯ ನೆಹರೂ ಪ್ಲೇಸ್, ಬೆಂಗಳೂರಿನ ಎಸ್.ಪಿ. ರಸ್ತೆಗಳಲ್ಲಿ ಬೆಸುಗೆ ಕಡ್ಡಿ ಹಿಡಿದು ಸತ್ತದ್ದನ್ನು ಎಬ್ಬಿಸುವ ಕೈಗಳು ಎಷ್ಟೋ ಇವೆ. ಅವರಿಗೆ ಕೈಪಿಡಿ ಸಿಗದು, ನಕ್ಷೆ ಸಿಗದು, ಬಿಡಿಭಾಗ ಸಿಗದು. ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ಮಾಡಿತು. ಪಟ್ಟಿಯಲ್ಲಿ ಟ್ರ್ಯಾಕ್ಟರು, ಕಾರು, ಮೊಬೈಲು, ಮನೆಬಳಕೆಯ ಯಂತ್ರಗಳು ಬಂದವು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಯಾರಕರಿಗೆ ಮರುಬಳಕೆಯ ಗುರಿ ಹಾಕಿದವು. ಅಲ್ಲಿ ಮರುಬಳಕೆ ಎಂದರೆ ಮುಖ್ಯವಾಗಿ ಒಡೆದು ಲೋಹ ತೆಗೆಯುವುದು. ಒಡೆಯುವುದಕ್ಕೆ ಗುರಿಯಿದೆ, ಉಳಿಸುವುದಕ್ಕೆ ಇಲ್ಲ. 1990ರ ಆ ಕಾರ್ಡಿನ ಸೆಲ್ಲನ್ನು ಮನೆಯವರೇ ಬದಲಿಸಬಹುದಿತ್ತು. ಇಂದಿನ ಮೊಬೈಲಿನ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸುತ್ತಾರೆ. ಇದನ್ನು ಪ್ರಗತಿ ಎನ್ನಲು ನಾವು ಸಿದ್ಧರಿಲ್ಲ.

ಹಿರಿಯರ ಕಾರ್ಡನ್ನು ನಾವು ಕೆಲವರು ಸೇರಿ ಮೇಲಿನ ಕ್ರಮದಲ್ಲೇ ಪರೀಕ್ಷಿಸಿದೆವು. ಸಂಪರ್ಕಗಳನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದ್ದಷ್ಟೇ ದುರಸ್ತಿ. ವಾರವಿಡೀ ಹೊರಗಿದ್ದು ಒಂದಂಕಿಯನ್ನೂ ಮರೆಯಲಿಲ್ಲ. ಕಾರ್ಡು ಗಟ್ಟಿಯಾಗಿದೆ, ಖಾಲಿಯಾಗಿದೆ. ಅವರು ಈಗ ಹಳೆಯ ಡೈರಿ ಹುಡುಕಿ ತೆಗೆದು ಪ್ರೋಗ್ರಾಮುಗಳನ್ನು ಮತ್ತೆ ಒಂದೊಂದಾಗಿ ಒತ್ತುತ್ತಿದ್ದಾರೆ. ಲೆವೆಲಿಂಗ್ ಮುಗಿದಿದೆ. ಕಾಲುವೆಯ ಲೆಕ್ಕದ ಎರಡು ಹಾಳೆಗಳು ಗೆದ್ದಲಿನ ಪಾಲಾಗಿವೆ.