ಹೊಳಪಿನ ಆಸೆಗೆ ಸವೆಯುತ್ತಿರುವ ಬಣ್ಣ

ಬೆಳಿಗ್ಗೆ ಆರು ಗಂಟೆಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿಗೆ ಇಳಿದು ನೋಡಿ. ಸಾಲಾಗಿ ನಿಂತ ಕಾರುಗಳು, ಒಂದು ಬಕೆಟ್ ನೀರು, ಒಂದು ಹಳೇ ಬಟ್ಟೆ. ಮೊದಲ ಕಾರನ್ನು ಒರೆಸಿದ ಬಟ್ಟೆಯೇ ಹತ್ತನೆಯ ಕಾರಿಗೂ ಬರುತ್ತದೆ. ಅಷ್ಟರಲ್ಲಿ ಬಕೆಟ್ಟಿನ ನೀರು ಕದಡಿ ಕೆಸರಾಗಿರುತ್ತದೆ. ಆ ಹತ್ತನೆಯ ಕಾರು ಕಪ್ಪು ಬಣ್ಣದ್ದಾಗಿದ್ದರೆ ಅದನ್ನು ಬಿಸಿಲಿಗೆ ತಂದಾಗ ಗೊತ್ತಾಗುತ್ತದೆ: ಬಾನೆಟ್ ಮೇಲೆ ಸೂರ್ಯ ಹೊಳೆಯುವ ಜಾಗದ ಸುತ್ತ ಜೇಡ ಬಲೆ ನೇಯ್ದಂತೆ ಸಾವಿರಾರು ಕೂದಲೆಳೆಯ ಗೀರುಗಳು. ಕಾರು ಪಾಲಿಶ್ ಮಾಡುವವರು ಇದನ್ನು ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ನಿಜದಲ್ಲಿ ಗೀರುಗಳು ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿಂಚುವುದರಿಂದ ಕಣ್ಣಿಗೆ ಸುತ್ತುಸುತ್ತಾಗಿ ಕಾಣುತ್ತವೆ.

ಈ ಗೀರುಗಳಿಂದ ಕಾರಿಗೆ ದೊಡ್ಡ ಹಾನಿಯೇನೂ ಇಲ್ಲ. ನಮ್ಮ ಆತಂಕವಿರುವುದು ಅವನ್ನು ತೆಗೆಸಲು ನಾವು ಪಡುತ್ತಿರುವ ಆತುರದ ಬಗ್ಗೆ. ಆಯುಧಪೂಜೆ ಹತ್ತಿರವಾದಂತೆ ವಾಟರ್ ಸರ್ವಿಸ್ ಅಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ. ತೊಳೆಯುವುದರ ಜೊತೆಗೆ ‘ರಬ್ಬಿಂಗ್ ಪಾಲಿಶ್’ ಕೂಡ ಆಗಿಬಿಡಲಿ ಎನ್ನುತ್ತೇವೆ. ಅರ್ಧ ಗಂಟೆ ಮಷಿನ್ ತಿರುಗುತ್ತದೆ, ಗೀರು ಮಾಯವಾಗುತ್ತದೆ, ಕಾರು ಕನ್ನಡಿಯಂತೆ ಹೊಳೆಯುತ್ತದೆ. ಗೀರು ಹೋದದ್ದು ಹೇಗೆ ಎಂದು ಕೇಳುವವರು ಕಡಿಮೆ.

ಗೀರು ತುಂಬಿಕೊಳ್ಳುವುದಿಲ್ಲ. ಅದರ ಸುತ್ತಲಿನ ಪದರವನ್ನು ಗೀರಿನ ತಳದವರೆಗೆ ತೇಯ್ದು ಸಮ ಮಾಡುತ್ತಾರೆ, ಅಷ್ಟೆ. ಇಂದಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲಿಗಿಂತಲೂ ತೆಳು. ಹೊಳಪು ಅದರದ್ದು, ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಬಣ್ಣವನ್ನು ಕಾಯುವುದೂ ಅದೇ. ಹಗುರವಾದ ಪಾಲಿಶ್ ಒಂದು ಮೈಕ್ರಾನಿನ ಆಸುಪಾಸಿನಲ್ಲಿ ತೆಗೆದರೆ, ಒರಟು ಕಾಂಪೌಂಡ್ ಹಾಕಿ ಉಣ್ಣೆಯ ಪ್ಯಾಡಿನಲ್ಲಿ ಉಜ್ಜಿದಾಗ ಮೂರು, ನಾಲ್ಕು, ಐದು ಮೈಕ್ರಾನ್ ಹೋಗಬಹುದು. ವರ್ಷಕ್ಕೊಮ್ಮೆ ಹೀಗೆ ಉಜ್ಜಿಸಿದರೆ ಐದಾರು ದಸರೆಯಲ್ಲಿ ಅರ್ಧ ಕಾವಲು ಕರಗಿತು. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಪದರ ಇನ್ನೂ ತೆಳ್ಳಗಿರುವುದರಿಂದ ಅಲ್ಲಿ ಮೊದಲು ಬೋಳಾಗುತ್ತದೆ.

ಉಜ್ಜುವ ಈ ಅಭ್ಯಾಸ ನಮಗೆ ಹಿಂದಿನಿಂದ ಬಂದದ್ದು. ಅಂಬಾಸಡರ್, ಪದ್ಮಿನಿ ಕಾಲದ ಕಾರುಗಳಿಗೆ ಕ್ಲಿಯರ್ ಕೋಟ್ ಇರಲಿಲ್ಲ. ಬಿಸಿಲಿಗೆ ಮಂಕಾದ ಬಣ್ಣವನ್ನು ಉಜ್ಜಿದರೆ ಕೆಳಗಿನ ಹೊಸ ಬಣ್ಣ ಮೇಲೆ ಬರುತ್ತಿತ್ತು, ಬಟ್ಟೆಗೆ ಬಣ್ಣ ಹತ್ತುವುದೂ ಸಹಜವಾಗಿತ್ತು. ಇಂದಿನ ಕ್ಲಿಯರ್ ಕೋಟಿನ ಕಾರಿನಲ್ಲಿ ಹಾಗಾಗಬಾರದು. ಮಷಿನ್ನಿನಿಂದ ಪ್ಯಾಡ್ ಬಿಚ್ಚಿಸಿ ನೋಡಿ: ಅದರ ಮೇಲೆ ಪಾಲಿಶ್ಶಿನ ಬಿಳಿ ಪುಡಿ ಕೂತಿದ್ದರೆ ಸರಿ. ಕೆಂಪು ಕಾರಿನಲ್ಲಿ ಪ್ಯಾಡ್ ಕೆಂಪಗಾಗಿದ್ದರೆ ಕ್ಲಿಯರ್ ಕೋಟ್ ಅಲ್ಲಿಗೆ ಮುಗಿದಿದೆ. ಇನ್ನು ಯಾವ ಪಾಲಿಶ್‌ನಿಂದಲೂ ಅದು ಮರಳಿ ಬರುವುದಿಲ್ಲ. ಆ ಭಾಗಕ್ಕೆ ಪೂರ್ತಿ ಪೇಂಟ್ ಹೊಡೆಸಬೇಕು. ಹಾಗೇ ಬಿಟ್ಟರೆ ಛಾವಣಿ, ಬಾನೆಟ್ಟುಗಳಲ್ಲಿ ಬಿಳಿ ಮಚ್ಚೆ ಎದ್ದು, ಹಾವಿನ ಪೊರೆಯಂತೆ ಸುಲಿಯತೊಡಗುತ್ತದೆ. ಇಂಥ ಕಾರುಗಳು ಈಗಲೇ ರಸ್ತೆಯಲ್ಲಿ ಕಾಣುತ್ತಿವೆ.

ಈಗಲೇ ಎಚ್ಚರಿಸಬೇಕೆನಿಸಿದ್ದಕ್ಕೆ ಇನ್ನೊಂದು ಕಾರಣವಿದೆ. 2024ರ ಮಾರ್ಚ್‌ನ ಬರದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಆದೇಶ ನ್ಯಾಯವಾದದ್ದು, ಕೊಡಪಾನಕ್ಕಾಗಿ ಜನ ಟ್ಯಾಂಕರ್ ಕಾಯುವ ಊರಿನಲ್ಲಿ ಕಾರಿಗೆ ಪೈಪು ಹಿಡಿಯುವುದು ತಪ್ಪೇ. ಆದರೆ ನೀರು ಬಿಟ್ಟವರು ಒಣಬಟ್ಟೆ ಹಿಡಿದರೆ ಗೀರು ಹೆಚ್ಚುತ್ತದೆ. ರಸ್ತೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಗಾಜಿಗಿಂತ ಗಟ್ಟಿ; ಒಣ ಬಾನೆಟ್ ಮೇಲೆ ಅದನ್ನು ಒತ್ತಿ ಎಳೆದರೆ ಅದು ಮರಳುಕಾಗದವೇ. ಹೆಚ್ಚು ಗೀರು ಬಿದ್ದಷ್ಟೂ ಹೆಚ್ಚು ಸಲ ಮಷಿನ್, ಮಷಿನ್ ತಿರುಗಿದಷ್ಟೂ ಪದರ ತೆಳು.

ಒರೆಸುವ ಹುಡುಗರ ಮೇಲೆ ಗೂಬೆ ಕೂರಿಸುವುದು ಅನ್ಯಾಯ. ತಿಂಗಳಿಗೆ ಕಾರಿಗಿಷ್ಟು ಎಂದು ನಾವು ಕೊಡುವ ಚೂರುಪಾರು ದುಡ್ಡಿಗೆ, ನಾವೆಲ್ಲ ಆಫೀಸಿಗೆ ಹೊರಡುವ ಮುಂಚೆ ಅವರು ಅಷ್ಟೂ ಕಾರು ಮುಗಿಸಬೇಕು. ಪ್ರತಿ ಕಾರಿಗೂ ನೀರು ಬದಲಿಸು ಎನ್ನಲು ನಮಗೆ ಯಾವ ಬಾಯಿ? ದಿನಾ ಒರೆಸುವುದು ಬೇಡ ಎಂದು ನಾವೇ ಹೇಳಬೇಕು, ಸಂಬಳ ಕಡಿಮೆ ಮಾಡದೆ ಹೇಳಬೇಕು. ವಾರಕ್ಕೊಂದು ಸಲ, ಸಂಸ್ಕರಿಸಿದ ನೀರಿನಲ್ಲಿ ಮೊದಲು ಧೂಳು ಇಳಿಸಿ, ಒಂದು ಬಕೆಟ್ ಕಾರ್ ಶಾಂಪೂಗೆ, ಇನ್ನೊಂದು ಬಟ್ಟೆ ಜಾಲಿಸಲು ಇಟ್ಟುಕೊಂಡು ಮೃದುವಾದ ಮೈಕ್ರೋಫೈಬರ್ ಬಟ್ಟೆಯಲ್ಲಿ ತೊಳೆದರೆ ಸಾಕು. ಆ ಬಟ್ಟೆಯನ್ನು ಕಾರಿನವರೇ ಕೊಡಲಿ, ಅದು ಆ ಒಂದು ಕಾರಿಗೇ ಇರಲಿ. ಬೋರ್‌ವೆಲ್‌ನ ಗಡಸು ನೀರಾದರೆ ಒಣಗಲು ಬಿಡದೆ ಒತ್ತಿ ಒರೆಸಿಬಿಡಿ. ಉಪ್ಪಿನ ಕಲೆ ಕೂತರೆ ಅದನ್ನು ತೆಗೆಯಲು ಮತ್ತೆ ಉಜ್ಜಬೇಕಾಗುತ್ತದೆ.

ಗೀರು ತೆಗೆಸಲೇಬೇಕೆಂದರೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಪಾಲಿಶ್‌ನಿಂದ ಅದನ್ನು ಪೂರ್ತಿ ಅಳಿಸಲು ಹೋಗಬೇಡಿ, ಟಚ್‌ಅಪ್ ಬಣ್ಣ ಹಚ್ಚಿ ಬಿಡಿ. ತೆಳುಗೀರಾದರೆ ಅಂಗೈಯಗಲ ಜಾಗದಲ್ಲಿ ಅತಿ ಹಗುರ ಪಾಲಿಶ್‌ನಿಂದ ಪರೀಕ್ಷೆ ಶುರುವಾಗಲಿ. ಅದರಲ್ಲಿ ಮುಕ್ಕಾಲು ಪಾಲು ಗೀರು ಹೋದರೆ ಅಲ್ಲಿಗೆ ನಿಲ್ಲಿಸುವುದೇ ಜಾಣತನ. ಸೆರಾಮಿಕ್ ಕೋಟಿಂಗ್ ಹಾಕಿಸಿದರೆ ಗೀರೇ ಬೀಳುವುದಿಲ್ಲ ಎನ್ನುವ ಮಾತನ್ನು ನಂಬಬೇಡಿ. ನೀರು, ಕೊಳೆ ಜಾರಿಹೋಗಲು ಅದು ನೆರವಾಗುತ್ತದೆ, ಧೂಳು ಮೆತ್ತಿದ ಬಟ್ಟೆಯನ್ನು ತಡೆಯಲಾರದು.

ಪದರದ ದಪ್ಪ ಅಳೆಯುವ ಪೇಂಟ್ ಗೇಜ್ ಎಂಬ ಅಂಗೈಗಾತ್ರದ ಉಪಕರಣವಿದೆ. ಅದು ಎಲ್ಲ ಪದರಗಳ ಒಟ್ಟು ಲೆಕ್ಕ ಕೊಡುತ್ತದೆಯೇ ಹೊರತು ಕ್ಲಿಯರ್ ಕೋಟಿನದ್ದೊಂದನ್ನೇ ಅಲ್ಲ. ಆದರೂ ಕೆಲಸಕ್ಕೆ ಮುಂಚಿನ ಅಂಕಿ, ಆಮೇಲಿನ ಅಂಕಿ ಬರೆದಿಟ್ಟುಕೊಂಡರೆ ಎಷ್ಟು ಹೋಯಿತೆಂದು ತಿಳಿಯುತ್ತದೆ. ಈ ದಸರೆಗೆ ಕಾರಿಗೆ ಮಷಿನ್ ಹಾಕಿಸುವ ಮನಸ್ಸಿದ್ದರೆ ಮೊದಲು ಗೇಜ್ ಇಡಿಸಿ. ಗೇಜ್ ಇಲ್ಲ ಎಂದರೆ ಕೀಲಿ ಇಸಿದುಕೊಂಡು ಕಾರು ಮನೆಗೆ ತನ್ನಿ.