ಇನ್ನೆಷ್ಟು ವರ್ಷ ಬಾಳುತ್ತೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯ್ತು. 33 ಗೇಟುಗಳಲ್ಲಿ ಹೋಗಿದ್ದು ಒಂದೇ. ಆದ್ರೂ ತುಂಬಿದ್ದ ಡ್ಯಾಮಿನ ನೀರನ್ನ ಹೊಳೆಗೆ ಬಿಡಬೇಕಾಯ್ತು. ಆ ನೀರು ನಂಬಿದ್ದ ರೈತರ ಎದೆ ಧಸಕ್ಕಂದಿತ್ತು. "ಎಪ್ಪತ್ತು ವರ್ಷ ಹಳೇದಲ್ವಾ, ಆಗೋದೇ" ಅನ್ನೋ ಮಾತು ಆಗ ಸಾಕಷ್ಟು ಕೇಳಿದೆ. ನಂಗದು ಒಪ್ಪಿಗೆಯಿಲ್ಲ.

ವಯಸ್ಸು ಬೇರೆ, ಉಳಿದ ಆಯಸ್ಸು ಬೇರೆ. ತುಕ್ಕಿನ ಲೆಕ್ಕ ಸುಲಭ: ಈಗಿನ ದಪ್ಪದಲ್ಲಿ ಕನಿಷ್ಠ ಬೇಕಾದ ದಪ್ಪ ಕಳೆದು, ವರ್ಷಕ್ಕೆಷ್ಟು ಸವೆಯುತ್ತೋ ಅದರಿಂದ ಭಾಗಿಸೋದು. 12 ಮಿ.ಮೀ. ತಗಡು 30 ವರ್ಷದಲ್ಲಿ 9 ಆಗಿದೆ, ಕನಿಷ್ಠ 7 ಬೇಕು ಅಂದ್ರೆ ಉಳಿದದ್ದು 20 ವರ್ಷ. ಪರೀಕ್ಷೆಯಲ್ಲಿ ಫುಲ್ ಮಾರ್ಕ್ಸ್! ಆದ್ರೆ ಆ 9 ಅಳೆದದ್ದೆಲ್ಲಿ? ಅಲ್ಟ್ರಾಸಾನಿಕ್ ಗೇಜ್ ಹಿಡಿದವರ ಕೈಗೆ ಸಿಕ್ಕ ಕಡೆಯೋ, ಸದಾ ನೀರು ನಿಲ್ಲೋ ಮೂಲೆಯಲ್ಲೋ? ಚೈನಿಗಂತೂ ಸರಾಸರಿ ತಗೊಂಡು ಉಪಯೋಗವೇ ಇಲ್ಲ, ತೀರಾ ಸೋತಿರೋ ಕೊಂಡಿಯನ್ನೇ ಹುಡುಕಬೇಕು. ಒಳಗೆ ಬಿರುಕಿದ್ರೆ ಬರೀ ದಪ್ಪ ಅಳೆದು ಗೊತ್ತಾಗಲ್ಲ.

ಅದಕ್ಕೇ ಒಂದೇ ಅಂಕಿ ಬರೆದು ಸಹಿ ಹಾಕಿದ ರಿಪೋರ್ಟ್ ಕಂಡ್ರೆ ನಂಗೆ ಭಯ. ತೈಲ ಉದ್ಯಮದ ಪೈಪ್ ತಪಾಸಣೆಯಲ್ಲಿ ಒಳ್ಳೇ ಪದ್ಧತಿಯೊಂದಿದೆ: ಉಳಿದ ಆಯಸ್ಸು ಎಷ್ಟೇ ಬರಲಿ, ಅದರ ಅರ್ಧ ಮುಗಿಯೋದ್ರೊಳಗೆ ಮತ್ತೆ ಅಳೀಲೇಬೇಕು. ಅಂದ್ರೆ ನಮ್ಮ ಲೆಕ್ಕವನ್ನ ನಾವೇ ಪೂರ್ತಿ ನಂಬಬಾರದು.

ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋರು ನಮ್ಮ ವರ್ಕ್‌ಶಾಪಿನ ಚೈನ್ ಬ್ಲಾಕನ್ನೇ ತಗೊಳ್ಳಿ. ವರ್ನಿಯರ್ ಹೇಗೂ ಇದೆ. ಹಿಂದೆ ಯಾರಾದ್ರೂ ಅಳೆದು ಬರೆದಿಟ್ಟಿದ್ದಾರಾ, ಮೊದಲು ಅದನ್ನ ಕೇಳಿ.